ಥೆಲ್ಮಾ ರಿಟರ್ ಅವರ ದಣಿದ ಕಾಲುಗಳು

ನ್ಯೂಯಾರ್ಕಿನ ಮೇಸೀಸ್ ಅಂಗಡಿ. ಕ್ರಿಸ್‌ಮಸ್ ಹತ್ತಿರ ಬಂದಿದೆ, ಎಲ್ಲಿ ನೋಡಿದರೂ ಜನ. ಸಾಂತಾ ಕ್ಲಾಸ್ ವೇಷದಲ್ಲಿ ಕೂತ ಮುದುಕನ ಹತ್ತಿರ ಒಬ್ಬ ಹುಡುಗ ಬರುತ್ತಾನೆ. ಬೆಂಕಿ ಆರಿಸುವ ಗಾಡಿಯ ಆಟಿಕೆ ಬೇಕು, ಅದರಿಂದ ನಿಜವಾಗಿ ನೀರು ಚಿಮ್ಮಬೇಕು ಅನ್ನುತ್ತಾನೆ. ಖಂಡಿತ ಸಿಗುತ್ತೆ ಅಂತ ಮುದುಕ ಮಾತು ಕೊಟ್ಟುಬಿಡುತ್ತಾನೆ. ಜೊತೆಯಲ್ಲಿದ್ದ ತಾಯಿಗೆ ರೇಗಿಹೋಗುತ್ತದೆ. ಮಗನನ್ನು ಆಚೆ ಕಳಿಸಿ ಮುದುಕನನ್ನು ದಬಾಯಿಸುತ್ತಾಳೆ. ಆ ಆಟಿಕೆ ಇಲ್ಲಿಲ್ಲ, ಎಲ್ಲೂ ಇಲ್ಲ, ಎಲ್ಲ ಕಡೆ ಸುತ್ತಿ ಬಂದೆ, ಕಾಲು ಬಿದ್ದುಹೋಗ್ತಿದೆ, ಮಗುವಿಗೆ ಯಾಕೆ ಸುಮ್ನೆ ಆಸೆ ಹುಟ್ಟಿಸ್ತೀಯಾ?

ಇದು 1947ರ 'ಮಿರಾಕಲ್ ಆನ್ 34ತ್ ಸ್ಟ್ರೀಟ್' ಚಿತ್ರದ ದೃಶ್ಯ. ಆ ತಾಯಿಯ ಪಾತ್ರಕ್ಕೆ ಹೆಸರಿಲ್ಲ. ಅದನ್ನು ಆಡಿದ ನಟಿಯ ಹೆಸರೂ ತೆರೆಯ ಮೇಲೆ ಬರುವುದಿಲ್ಲ. ಆದರೆ ನನಗೆ ಆ ಚಿತ್ರದಲ್ಲಿ ಎಲ್ಲರಿಗಿಂತ ಜಾಸ್ತಿ ನೆನಪಿರುವುದು ಆಕೆಯೇ. ಎರಡೂ ಪಾದದ ಮೇಲೆ ಭಾರ ಸಮನಾಗಿ ಬಿಟ್ಟು ನಿಲ್ಲಲು ಆಗದವಳ ನಿಲುವು ಅದು. ಮುಖದಲ್ಲಿ ಸಿಟ್ಟು ಇದೆ. ಸಿಟ್ಟಿನ ಕೆಳಗೆ ಸುಸ್ತು ಇದೆ.

ಆ ನಟಿ ಥೆಲ್ಮಾ ರಿಟರ್. ಆಗ ಅವರ ವಯಸ್ಸು 45. ಸಿನಿಮಾದಲ್ಲಿ ಅದೇ ಅವರ ಮೊದಲ ಪಾತ್ರ.

ಅಲ್ಲಿಯವರೆಗಿನ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1902ರ ಫೆಬ್ರವರಿ 14ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದರು. ಅಮೆರಿಕನ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್ಸ್‌ನಲ್ಲಿ ನಟನೆ ಕಲಿತರು. ನಾಟಕಗಳಲ್ಲಿ ಆಡಿದರು. 1927ರಲ್ಲಿ ಜೋಸೆಫ್ ಮೊರಾನ್ ಎಂಬ ನಟನನ್ನು ಮದುವೆಯಾದರು. ಮೊರಾನ್ ಮುಂದೆ ನಟನೆ ಬಿಟ್ಟು ಜಾಹೀರಾತು ಕಂಪನಿಯ ಕೆಲಸಕ್ಕೆ ಹೋದರು. ಇಬ್ಬರು ಮಕ್ಕಳಾದರು. ಮಕ್ಕಳನ್ನು ಬೆಳೆಸಲು ಥೆಲ್ಮಾ ರಂಗಭೂಮಿಯಿಂದ ದೂರ ಸರಿದರು. ಆಮೇಲೆ ರೇಡಿಯೋ ನಾಟಕಗಳಲ್ಲಿ ದನಿ ಕೊಟ್ಟರು. ನಿರ್ದೇಶಕ ಜಾರ್ಜ್ ಸೀಟನ್ ಮನೆಯವರಿಗೆಲ್ಲ ಪರಿಚಯದವರು. ಅವರು ಕರೆದು ಈ ಚಿಕ್ಕ ಪಾತ್ರ ಕೊಟ್ಟರು. ಸ್ಟುಡಿಯೋ ಮುಖ್ಯಸ್ಥ ಡ್ಯಾರಿಲ್ ಜಾನಕ್ ಆ ತುಣುಕು ನೋಡಿ ಮೆಚ್ಚಿ, ಪಾತ್ರವನ್ನು ಇನ್ನಷ್ಟು ಬೆಳೆಸಿ ಅಂದರು. ಫಾಕ್ಸ್ ಸ್ಟುಡಿಯೋದ ಬಾಗಿಲು ತೆರೆದದ್ದು ಹೀಗೆ.

ನಲವತ್ತೈದಕ್ಕೆ ಹಾಲಿವುಡ್ಡಿಗೆ ಬರುವುದು ಅಂದರೆ ಏನು ಅಂತ ಒಂದು ಕ್ಷಣ ಯೋಚಿಸಿ. ನಾಯಕಿಯರನ್ನು ಪಕ್ಕಕ್ಕೆ ಸರಿಸಲು ಶುರು ಮಾಡುವ ವಯಸ್ಸು ಅದು. ಥೆಲ್ಮಾ ಅವರ ಚಿತ್ರಜೀವನ ಶುರುವಾದದ್ದೇ ಅಲ್ಲಿ. ಕುಳ್ಳಗಿನ ದೇಹ, ಗೊಗ್ಗರು ದನಿ, ಬ್ರೂಕ್ಲಿನ್‌ನ ಬೀದಿ ಮಾತಿನ ಧಾಟಿ. ಅವರು ಯಾವುದನ್ನೂ ಮರೆಮಾಚಲಿಲ್ಲ.

ನಮ್ಮ ಭಾಷೆಯಲ್ಲಿ ಇಂಥವರನ್ನು ಪೋಷಕ ನಟಿ ಅನ್ನುತ್ತೇವೆ. ಬಾಯಲ್ಲಿ ಎಷ್ಟೋ ಸಲ ಬಂದು ಹೋಗಿರುವ ಮಾತು. ಥೆಲ್ಮಾ ಅವರ ಚಿತ್ರಗಳನ್ನು ಒಂದಾದ ಮೇಲೊಂದು ನೋಡುವಾಗ ಈ 'ಪೋಷಕ' ಅನ್ನುವುದರ ಮೇಲೆ ನನ್ನ ಗಮನ ನಿಂತಿತು. ಸಾಕುವವಳು, ಸಲಹುವವಳು. ಅವರ ಪಾತ್ರಗಳು ಮಾಡುವ ಕೆಲಸವೂ ಅದೇ. ಯಾರಿಗೋ ಬಟ್ಟೆ ತೊಡಿಸುವುದು, ಬೆನ್ನು ತಿಕ್ಕುವುದು, ಊಟಕ್ಕೆ ಬಡಿಸುವುದು, ಕುಡಿದು ಬಂದವರ ಗೋಳು ಕೇಳುವುದು. ಕೆಲಸದವಳು, ನರ್ಸು, ಅಡುಗೆಯವಳು, ಅಮ್ಮ. ಇಂಥ ಹೆಂಗಸರು ಎಲ್ಲ ದೇಶದ ಸಿನಿಮಾಗಳಲ್ಲೂ ಇದ್ದಾರೆ. ತಟ್ಟೆ ಇಟ್ಟು ಒಳಗೆ ಹೋಗುತ್ತಾರೆ. ಥೆಲ್ಮಾ ತಟ್ಟೆ ಇಟ್ಟರೆ, ಅದನ್ನು ಹೊತ್ತು ತಂದ ಕೈ ಎಷ್ಟು ದಣಿದಿದೆ ಅಂತ ನಮಗೆ ಗೊತ್ತಾಗುತ್ತದೆ. ನಾನು ಅವರ ಬಗ್ಗೆ ಬರೆಯಲು ಕೂತದ್ದು ಇದೊಂದು ಕಾರಣಕ್ಕೆ.

1949ರ 'ಎ ಲೆಟರ್ ಟು ಥ್ರೀ ವೈವ್ಸ್' ಚಿತ್ರದಲ್ಲಿ ಅವರು ಸೇಡಿ. ಇಲ್ಲೂ ಹೆಸರು ಹಾಕಲಿಲ್ಲ. ಮನೆಗೆ ದೊಡ್ಡವರು ಊಟಕ್ಕೆ ಬರುತ್ತಾರೆಂದು ಒಡತಿ ಅವಳಿಗೆ ಸಮವಸ್ತ್ರ ತೊಡಿಸಿ, ತಲೆಗೊಂದು ಟೋಪಿ ಹಾಕಿಸಲು ನೋಡುತ್ತಾಳೆ. ಟೋಪಿ ಆಗಲ್ಲ ಅನ್ನುತ್ತಾಳೆ ಸೇಡಿ. ಊಟ ಸಿದ್ಧವಾಗಿದೆ ಎಂದು ನಯವಾಗಿ ಹೇಳಬೇಕಾದಲ್ಲಿ ಸೂಪ್ ರೆಡಿ ಅಂತ ಕೂಗುತ್ತಾಳೆ. ಆ ಚಿತ್ರ ಬರೆದು ನಿರ್ದೇಶಿಸಿದ ಜೋಸೆಫ್ ಮ್ಯಾಂಕೀವಿಟ್ಸ್ ಮರುವರ್ಷವೇ 'ಆಲ್ ಅಬೌಟ್ ಈವ್' ಮಾಡಿದಾಗ ಥೆಲ್ಮಾ ಅವರಿಗೆ ಬರ್ಡಿಯ ಪಾತ್ರ ಕೊಟ್ಟರು.

ಬರ್ಡಿ ದೊಡ್ಡ ನಾಟಕ ನಟಿ ಮಾರ್ಗೋಳಿಗೆ ಬಟ್ಟೆ ತೊಡಿಸುವವಳು. ಹಿಂದೆ ತಾನೂ ವೇದಿಕೆಯ ಮೇಲೆ ಇದ್ದವಳು. ಹನ್ನೊಂದು ವರ್ಷ ಪ್ರದರ್ಶನದ ಮೊದಲರ್ಧವನ್ನು ನಾನೇ ಮುಗಿಸುತ್ತಿದ್ದೆ ಅಂತ ಒಮ್ಮೆ ಹೇಳುತ್ತಾಳೆ. ಈವ್ ಎಂಬ ಹುಡುಗಿ ಬಂದು ತನ್ನ ಕಷ್ಟದ ಕಥೆ ಹೇಳಿ ಎಲ್ಲರ ಕಣ್ಣಲ್ಲಿ ನೀರು ತರಿಸುತ್ತಾಳೆ. ಬರ್ಡಿಯೂ ಮೊದಲು ಕರಗುತ್ತಾಳೆ. ಆಮೇಲೆ ಎಲ್ಲರಿಗಿಂತ ಮುಂಚೆ ಈವ್‌ಳ ಒಳಗನ್ನು ಕಾಣುವುದು ಅವಳೇ. ಅವಳ ಮೇಲೆ ನಿನಗೆ ಯಾಕೆ ಸಿಟ್ಟು ಅಂತ ಮಾರ್ಗೋ ಕೇಳುತ್ತಾಳೆ. ಅವಳು ನಿನ್ನನ್ನು ಪಾಠದ ಹಾಗೆ ಓದುತ್ತಿದ್ದಾಳೆ, ನಿನ್ನ ನಡಿಗೆ, ಮಾತು, ಊಟ, ನಿದ್ದೆ ಎಲ್ಲ, ಎಂಬರ್ಥದ ಉತ್ತರ ಬರುತ್ತದೆ. ಮಂಚದ ಮೇಲೆ ಕೂತ, ಮಾರ್ಗೋ ಆಗಿ ಆಡಿದ ಬೆಟ್ಟಿ ಡೇವಿಸ್ ಅವರ ನಗು ಅಲ್ಲಿಂದ ಮೆಲ್ಲಗೆ ಇಳಿಯುತ್ತದೆ. ಇಡೀ ಚಿತ್ರ ತಿರುಗುವುದು ಆ ಗಳಿಗೆಯಲ್ಲಿ. ತಿರುಗಿಸುವುದು ಕಾಫಿ, ತಿಂಡಿ ಎಂದು ಓಡಾಡುವ ಹೆಂಗಸು.

ಚಿತ್ರದ ನಡುವೆ, ಆ ಹೆಸರಾಂತ ಪಾರ್ಟಿಯ ದೃಶ್ಯದ ನಂತರ, ಬರ್ಡಿ ಮತ್ತೆ ಕಾಣುವುದಿಲ್ಲ. ಯಾರೂ ಅವಳ ಬಗ್ಗೆ ಕೇಳುವುದೂ ಇಲ್ಲ. ಪ್ರತಿ ಸಲ ನೋಡಿದಾಗಲೂ ನನಗೆ ಇದು ಚುಚ್ಚುತ್ತದೆ. ಮೊದಲು ಅಪಾಯ ಕಂಡವಳನ್ನು ಕಥೆ ಮರೆತುಬಿಟ್ಟಿತಲ್ಲ ಅಂತ. ಬರೆದವರ ಮೇಲೆ ನನಗೆ ತುಂಬ ಗೌರವ ಇದೆ, ಆದರೂ ಇದೊಂದನ್ನು ಒಪ್ಪಲಾಗುವುದಿಲ್ಲ.

ಆ ಪಾತ್ರಕ್ಕೆ ಥೆಲ್ಮಾ ಅವರಿಗೆ ಮೊದಲ ಆಸ್ಕರ್ ನಾಮನಿರ್ದೇಶನ ಬಂತು. ಮುಂದೆ ಐದು ಬಂದವು. 1951ರ 'ದಿ ಮೇಟಿಂಗ್ ಸೀಸನ್', 1952ರ 'ವಿತ್ ಎ ಸಾಂಗ್ ಇನ್ ಮೈ ಹಾರ್ಟ್', 1953ರ 'ಪಿಕಪ್ ಆನ್ ಸೌತ್ ಸ್ಟ್ರೀಟ್', 1959ರ 'ಪಿಲ್ಲೋ ಟಾಕ್', 1962ರ 'ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್'. ಎಲ್ಲವೂ ಪೋಷಕ ನಟಿ ವಿಭಾಗದಲ್ಲೇ. ಸತತ ನಾಲ್ಕು ವರ್ಷ ಹೆಸರು ಕೂಗಿದರು. ಆರು ಸಲವೂ ಬೇರೆಯವರು ಎದ್ದು ಹೋಗಿ ಪ್ರಶಸ್ತಿ ತಗೊಂಡರು. ಸೋತ ಕಥೆಯನ್ನೇ ಹಿಡಿದು ಅವರ ಬಗ್ಗೆ ಬರೆಯುವವರು ಬಹಳ ಜನ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ.

'ದಿ ಮೇಟಿಂಗ್ ಸೀಸನ್' ಬಗ್ಗೆ ಮಾತ್ರ ಎರಡು ಮಾತು. ಅದರಲ್ಲಿ ಅವರು ಎಲೆನ್ ಮ್ಯಾಕ್‌ನಲ್ಟಿ. ನ್ಯೂಜೆರ್ಸಿಯಲ್ಲಿ ಹ್ಯಾಂಬರ್ಗರ್ ಅಂಗಡಿ ನಡೆಸಿ, ಕೈ ಸುಟ್ಟುಕೊಂಡು, ಮಗನ ಊರಿಗೆ ಬರುತ್ತಾಳೆ. ಮಗ ದೊಡ್ಡ ಮನೆತನದ ಹುಡುಗಿಯನ್ನು ಮದುವೆಯಾಗಿದ್ದಾನೆ. ಮನೆಗೆ ಹೋದಾಗ ಸೊಸೆ ಇವಳನ್ನು ಅಡುಗೆಗೆ ಗೊತ್ತು ಮಾಡಿದ ಕೆಲಸದವಳು ಅಂದುಕೊಳ್ಳುತ್ತಾಳೆ. ಎಲೆನ್ ನಿಜ ಹೇಳುವುದಿಲ್ಲ. ಏಪ್ರನ್ ಕಟ್ಟಿಕೊಂಡು ಒಲೆ ಮುಂದೆ ನಿಲ್ಲುತ್ತಾಳೆ. ಮಗನ ಮನೆಯಲ್ಲೇ ಕೆಲಸದವಳಾಗಿ ಇರುತ್ತಾಳೆ. ಇದು ನಗೆ ಚಿತ್ರ. ನಾನು ನಕ್ಕೆ ಕೂಡ. ಆದರೆ ಥೆಲ್ಮಾ ಈ ತ್ಯಾಗಕ್ಕೆ ಕಣ್ಣೀರು ಬೆರೆಸುವುದಿಲ್ಲ. ಕೆಲಸ ಗೊತ್ತಿದೆ, ಕೆಲಸ ಬಿದ್ದಿದೆ, ಮಾಡಿದರಾಯಿತು ಅನ್ನುವ ಹಾಗೆ ಆಡುತ್ತಾರೆ. ಜೀನ್ ಟಿಯರ್ನಿ ನಾಯಕಿ ಅಂತ ಪೋಸ್ಟರ್ ಹೇಳಿದರೂ ಚಿತ್ರ ಥೆಲ್ಮಾ ಅವರದೇ.

'ರಿಯರ್ ವಿಂಡೋ' ನೋಡಿದ್ದು ಅಮ್ಮನ ಜೊತೆ. ಹಿಚ್‌ಕಾಕ್ ಅವರ 1954ರ ಚಿತ್ರ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬೆಂಗಳೂರಿನಲ್ಲಿ ಹದಿನೆಂಟು ವರ್ಷ ಗಾರ್ಮೆಂಟ್ಸಿಗೆ ಹೋದವಳು. ಸಂಜೆ ಬಂದು ಬಾಗಿಲ ಹತ್ತಿರವೇ ಕೂತು, ಚಪ್ಪಲಿ ಬಿಟ್ಟು, ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಳು. ಕಾಲು ಸೆಳೀತಿದೆ ಕಣೇ, ಒಂದು ಲೋಟ ನೀರು ಕೊಡು ಅನ್ನುತ್ತಿದ್ದಳು. ನಾನು ಚಿತ್ರ ಹಾಕಿದರೆ ಈಗಲೂ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಾ ನೋಡುತ್ತಾಳೆ. ಕಥೆ ಏನು ಅಂತ ನಡುನಡುವೆ ಕೇಳುತ್ತಾಳೆ.

ಚಿತ್ರದಲ್ಲಿ ಜೇಮ್ಸ್ ಸ್ಟೀವರ್ಟ್ ಕಾಲು ಮುರಿದುಕೊಂಡು ಗಾಲಿ ಕುರ್ಚಿಯಲ್ಲಿದ್ದಾರೆ. ವಿಮೆ ಕಂಪನಿ ಕಳಿಸಿದ ನರ್ಸ್ ಸ್ಟೆಲ್ಲಾ ದಿನಾ ಬರುತ್ತಾಳೆ. ಬಂದವಳು ಥರ್ಮಾಮೀಟರ್ ಬಾಯಿಗೆ ತುರುಕಿ, ಮಂಚ ಸರಿಮಾಡಿ, ಅವನನ್ನು ಬೋರಲು ಮಲಗಿಸಿ, ಬೆನ್ನಿಗೆ ಔಷಧಿ ಸುರಿದು ತಿಕ್ಕುತ್ತಾಳೆ. ತಣ್ಣಗಿದೆಯಲ್ಲ, ಸ್ವಲ್ಪ ಬಿಸಿ ಮಾಡಬಾರದಾ ಅಂದರೆ, ರಕ್ತ ಓಡಾಡೋದಕ್ಕೆ ಅದೇ ಒಳ್ಳೇದು ಅನ್ನುವ ಧಾಟಿಯಲ್ಲಿ ಬಾಯಿ ಮುಚ್ಚಿಸುತ್ತಾಳೆ. ಬಾಯಿ ಒಂದು ಕಡೆ, ಕೈ ಒಂದು ಕಡೆ. 1929ರ ಷೇರು ಪೇಟೆಯ ಕುಸಿತವನ್ನು ನಾನು ಮೊದಲೇ ಹೇಳಿದ್ದೆ ಅನ್ನುತ್ತಾಳೆ. ಆಗ ಜನರಲ್ ಮೋಟರ್ಸ್ ಕಂಪನಿಯ ನಿರ್ದೇಶಕನೊಬ್ಬನ ಶುಶ್ರೂಷೆ ಮಾಡುತ್ತಿದ್ದಳಂತೆ. ಆತ ದಿನಕ್ಕೆ ಹತ್ತು ಸಲ ಶೌಚಾಲಯಕ್ಕೆ ಓಡುವುದು ನೋಡಿಯೇ ದೇಶದ ಗತಿ ತಿಳಿಯಿತಂತೆ. ಇಷ್ಟೆಲ್ಲ ಹೇಳುವಾಗಲೂ ತಿಕ್ಕುವ ಕೈ ನಿಲ್ಲುವುದಿಲ್ಲ.

ಅಮ್ಮ ಸೊಪ್ಪು ಬಿಡಿಸುವುದು ನಿಲ್ಲಿಸಿ ಅಂದಳು: "ಇವಳಿಗೆ ಕೆಲಸ ಗೊತ್ತು ಕಣೇ. ನೋಡು, ತೋಳಲ್ಲಿ ತಿಕ್ತಿಲ್ಲ, ಸೊಂಟದ ಭಾರ ಹಾಕ್ತಿದಾಳೆ."

ನಾನು ಆ ಚಿತ್ರವನ್ನು ಅದಕ್ಕೂ ಮುಂಚೆ ಮೂರು ಸಲ ನೋಡಿದ್ದೆ. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಗ್ರೇಸ್ ಕೆಲ್ಲಿ ಅವರ ಬಟ್ಟೆ ನೋಡಿದ್ದೆ, ಕಿಟಕಿಗಳನ್ನು ನೋಡಿದ್ದೆ, ಕ್ಯಾಮೆರಾ ಹೇಗೆ ಹೊರಳುತ್ತದೆ ಅಂತ ನೋಡಿದ್ದೆ. ಒಂದು ಭಾಷೆಯೂ ಬೇಡದೆ ಅಮ್ಮ ಈ ನಟಿಯನ್ನು ಗುರುತು ಹಿಡಿದಳು. ಆ ಮೇಲೆ ನಾನು ಥೆಲ್ಮಾ ಅವರ ಮುಖಕ್ಕಿಂತ ಕೈಕಾಲು ನೋಡುವುದನ್ನು ರೂಢಿ ಮಾಡಿಕೊಂಡೆ.

ಒಂದು ವಿಷಯ ಹೇಳಲೇಬೇಕು. ಬೆಚ್ಚನೆಯ ಮನಸ್ಸಿನ, ಬಾಯಿ ಜೋರಿನ ಹೆಂಗಸು ಅಂತಷ್ಟೇ ಅವರನ್ನು ನೆನೆಯುವುದು ಸರಿಯಲ್ಲ. 'ಬರ್ಡ್‌ಮ್ಯಾನ್ ಆಫ್ ಆಲ್ಕಟ್ರಾಜ್' ನೋಡಿ. ಜೈಲಿನಲ್ಲಿ ಹಕ್ಕಿ ಸಾಕಿ, ಅವುಗಳ ರೋಗಗಳನ್ನು ಅಭ್ಯಾಸ ಮಾಡಿದ ಕೈದಿ ರಾಬರ್ಟ್ ಸ್ಟ್ರೌಡ್ ಕಥೆ ಅದು. ಬರ್ಟ್ ಲ್ಯಾಂಕಾಸ್ಟರ್ ಕೈದಿ, ಥೆಲ್ಮಾ ಅವನ ತಾಯಿ. ಇಬ್ಬರ ವಯಸ್ಸಿಗೂ ಬರೀ ಹನ್ನೊಂದು ವರ್ಷ ಅಂತರ. ಮಗನನ್ನು ನೇಣಿನಿಂದ ಉಳಿಸಲು ಈ ತಾಯಿ ವಾಷಿಂಗ್ಟನ್‌ವರೆಗೂ ಹೋಗುತ್ತಾಳೆ. ಅದೇ ಮಗ ಒಬ್ಬ ಹೆಂಗಸನ್ನು ಮದುವೆಯಾದಾಗ ಅವನಿಗೇ ತಿರುಗಿ ಬೀಳುತ್ತಾಳೆ. ಎಂದೂ ಕಾಣುವ ನಗು ಇಲ್ಲಿ ಇಲ್ಲ. ಬಿಗಿದ ತುಟಿ, ಕದಲದ ಕಣ್ಣು. ಪ್ರೀತಿ ಅನ್ನುವುದು ಹಿಡಿತವಾಗಿ ಬದಲಾದದ್ದನ್ನು ದನಿ ಏರಿಸದೆ ತೋರಿಸುತ್ತಾರೆ. ಈ ಅಮ್ಮನನ್ನು ನೋಡಿ ನನಗೆ ನಿಜಕ್ಕೂ ಭಯವಾಯಿತು.

ಟಿವಿಯಲ್ಲೂ ಅವರು ಮಾಡಿದ ದೊಡ್ಡ ಕೆಲಸವಿದೆ. 1955ರಲ್ಲಿ ಪ್ಯಾಡಿ ಚಯೆಫ್‌ಸ್ಕಿ ಬರೆದ 'ದಿ ಕೇಟರ್ಡ್ ಅಫೇರ್' ಟಿವಿ ನಾಟಕದಲ್ಲಿ ಅವರು ಮಗಳ ಮದುವೆ ಜೋರಾಗಿ ಮಾಡಬೇಕೆಂದು ಹಟ ಹಿಡಿದ ಬಡ ತಾಯಿ. ಮರುವರ್ಷ ಅದು ಸಿನಿಮಾ ಆಯಿತು. ತಾಯಿಯ ಪಾತ್ರಕ್ಕೆ ಬೆಟ್ಟಿ ಡೇವಿಸ್ ಬಂದರು. ಐದಾರು ವರ್ಷದ ಹಿಂದೆ ತಾನು ಬಟ್ಟೆ ತೊಡಿಸಿದ ನಟಿಯೇ ಈಗ ತನ್ನ ಪಾತ್ರ ತೊಟ್ಟರು. ಚಿತ್ರ ಚೆನ್ನಾಗಿದೆ. ಆದರೆ ಬ್ರಾಂಕ್ಸ್‌ನ ಆ ಇಕ್ಕಟ್ಟಿನ ಮನೆಯಲ್ಲಿ ಥೆಲ್ಮಾ ಇದ್ದಿದ್ದರೆ ಅನ್ನುವ ಆಸೆ ನನ್ನಿಂದ ಹೋಗಿಲ್ಲ.

ರಂಗಭೂಮಿ ಅವರನ್ನು ಕೈಬಿಡಲಿಲ್ಲ. 1957ರಲ್ಲಿ ಬ್ರಾಡ್‌ವೇಯಲ್ಲಿ 'ನ್ಯೂ ಗರ್ಲ್ ಇನ್ ಟೌನ್' ಎಂಬ ಸಂಗೀತ ನಾಟಕ ಆಡಿದರು. ಮರುವರ್ಷ ಅದಕ್ಕೆ ಟೋನಿ ಪ್ರಶಸ್ತಿ ಬಂತು. ಅದೂ ಪೋಷಕ ಪಾತ್ರದ ಪ್ರಶಸ್ತಿ ಅಲ್ಲ, ಸಂಗೀತ ನಾಟಕದ ಅತ್ಯುತ್ತಮ ನಟಿ ಪ್ರಶಸ್ತಿ. ಅದೇ ನಾಟಕದ ನಾಯಕಿ ಗ್ವೆನ್ ವರ್ಡನ್ ಜೊತೆ ಸಮನಾಗಿ ಹಂಚಿಕೊಂಡರು. ಈ ಸುದ್ದಿ ಮೊದಲು ಓದಿದಾಗ ನಾನು ಒಬ್ಬಳೇ ಕೂತು ಜೋರಾಗಿ ನಕ್ಕಿದ್ದೆ, ಅಷ್ಟು ಖುಷಿಯಾಗಿತ್ತು.

1961ರ 'ದಿ ಮಿಸ್‌ಫಿಟ್ಸ್'ನಲ್ಲಿ ಮರ್ಲಿನ್ ಮನ್ರೋ, ಕ್ಲಾರ್ಕ್ ಗೇಬಲ್ ಜೊತೆಗಿದ್ದರು. 1967ರ 'ದಿ ಇನ್ಸಿಡೆಂಟ್'ನಲ್ಲಿ, ರಾತ್ರಿ ಹೊತ್ತು ಸುರಂಗ ರೈಲಿನಲ್ಲಿ ಪುಂಡರ ಕೈಗೆ ಸಿಕ್ಕಿಬಿದ್ದ ಒಬ್ಬ ವಯಸ್ಸಾದ ಹೆಂಗಸು. 1969ರ ಫೆಬ್ರವರಿ 5ರಂದು ನ್ಯೂಯಾರ್ಕಿನಲ್ಲೇ ತೀರಿಕೊಂಡರು. ಇನ್ನು ಒಂಬತ್ತು ದಿನ ಕಳೆದಿದ್ದರೆ 67 ತುಂಬುತ್ತಿತ್ತು. ಸಿನಿಮಾದಲ್ಲಿ ಇದ್ದದ್ದು ಇಪ್ಪತ್ತೊಂದು ವರ್ಷ ಅಷ್ಟೇ.

ಒಂದು ಚಿತ್ರವನ್ನು ಕೊನೆಗೆ ಅಂತ ಎತ್ತಿಟ್ಟಿದ್ದೆ.

'ಪಿಕಪ್ ಆನ್ ಸೌತ್ ಸ್ಟ್ರೀಟ್', ಸ್ಯಾಮ್ಯುಯೆಲ್ ಫುಲ್ಲರ್ ನಿರ್ದೇಶನ. ರಿಚರ್ಡ್ ವಿಡ್‌ಮಾರ್ಕ್ ಅದರಲ್ಲಿ ಸ್ಕಿಪ್ ಎಂಬ ಜೇಬುಗಳ್ಳ. ಸುರಂಗ ರೈಲಿನಲ್ಲಿ ಒಬ್ಬಳ ಪರ್ಸು ಎಗರಿಸುತ್ತಾನೆ. ಅದರೊಳಗೆ ಗೂಢಚಾರರ ಫಿಲ್ಮ್ ಇರುತ್ತದೆ. ಪೊಲೀಸರಿಗೆ ಕಳ್ಳ ಯಾರು ಅಂತ ಗೊತ್ತಿಲ್ಲ. ಮೋ ಎಂಬ ಹೆಂಗಸನ್ನು ಕರೆಸುತ್ತಾರೆ.

ಮೋ ಬೀದಿಯಲ್ಲಿ ಟೈ ಮಾರುವವಳು. ನಿಜವಾದ ಸಂಪಾದನೆ ಸುದ್ದಿ ಮಾರುವುದರಲ್ಲಿ. ಕಳ್ಳ ಹೇಗೆ ಕೈ ಹಾಕಿದ ಅಂತ ಕೇಳಿದರೆ ಸಾಕು, ಅವನು ಯಾರು ಅಂತ ಹೇಳಬಲ್ಲಳು. ಬೆಲೆಗೆ ಚೌಕಾಸಿ ಮಾಡುತ್ತಾಳೆ. ಎಲ್ಲದರ ಬೆಲೆ ಏರಿದೆ, ನನ್ನದೂ ಏರಿದೆ ಅನ್ನುತ್ತಾಳೆ. ಈ ದುಡ್ಡೆಲ್ಲ ಯಾಕೆ? ತನ್ನನ್ನು ಮಣ್ಣು ಮಾಡುವುದಕ್ಕೆ. ಒಂದು ಒಳ್ಳೆಯ ಜಾಗ, ಮೇಲೊಂದು ಹೆಸರಿನ ಕಲ್ಲು. ಗತಿಯಿಲ್ಲದವರನ್ನು ಊರವರು ಹೂಳುವ ಪಾಟರ್ಸ್ ಫೀಲ್ಡ್‌ಗೆ ತಾನು ಹೋಗಬಾರದು. ಅದೊಂದೇ ಅವಳ ಹೆದರಿಕೆ. ನನ್ನ ಅಜ್ಜಿಯೂ ಟ್ರಂಕಿನ ತಳದಲ್ಲಿ ಒಂದು ಹೊಸ ಸೀರೆ, ಸ್ವಲ್ಪ ದುಡ್ಡು ಇಟ್ಟುಕೊಂಡಿದ್ದಳು. ಯಾರ ಕೈಗೂ ನೋಡಬಾರದು ಅನ್ನುತ್ತಿದ್ದಳು. ಹಾಗಾಗಿ ಮೋ ನನಗೆ ವಿಚಿತ್ರ ಅನ್ನಿಸಲಿಲ್ಲ.

ಮೋ ಸ್ಕಿಪ್‌ನನ್ನು ಪೊಲೀಸರಿಗೆ ಮಾರುತ್ತಾಳೆ. ಸ್ಕಿಪ್‌ಗೆ ಅದು ಗೊತ್ತಾಗುತ್ತದೆ. ಅವನು ಸಿಟ್ಟಾಗುವುದಿಲ್ಲ. ಅವಳೂ ಊಟ ಮಾಡಬೇಕಲ್ಲ ಅನ್ನುತ್ತಾನೆ. ಆ ಲೋಕದ ನ್ಯಾಯ ಅದು.

ಆಮೇಲೆ ಆ ರಾತ್ರಿ ಬರುತ್ತದೆ. ಮೋ ತನ್ನ ಕೋಣೆಗೆ ಬರುತ್ತಾಳೆ. ದಿನವಿಡೀ ನಡೆದಿದ್ದಾಳೆ. ಟೈಗಳ ಪೆಟ್ಟಿಗೆ ಕೆಳಗಿಡುತ್ತಾಳೆ, ಗ್ರಾಮಫೋನ್ ಹಚ್ಚುತ್ತಾಳೆ, ಹಾಸಿಗೆಗೆ ಒರಗುತ್ತಾಳೆ. ಕೋಣೆಯೊಳಗೆ ಆಗಲೇ ಒಬ್ಬ ಇದ್ದಾನೆ. ಆ ಫಿಲ್ಮ್‌ನ ಬೆನ್ನು ಹತ್ತಿದ ಜೋಯಿ, ಕೈಯಲ್ಲಿ ಪಿಸ್ತೂಲು. ಸ್ಕಿಪ್ ಎಲ್ಲಿದ್ದಾನೆ ಹೇಳು ಅನ್ನುತ್ತಾನೆ, ದುಡ್ಡು ಕೊಡುತ್ತೇನೆ ಅನ್ನುತ್ತಾನೆ. ಜೀವನವೆಲ್ಲ ಸುದ್ದಿ ಮಾರಿದ ಮೋ ಈ ಒಂದು ಸುದ್ದಿ ಮಾರುವುದಿಲ್ಲ.

ಅಲ್ಲಿ ಥೆಲ್ಮಾ ಆಡುವ ಮಾತುಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನೀನು ನೋಡುತ್ತಿರುವುದು ಕೀಲಿ ಮುಗಿದ ಹಳೇ ಗಡಿಯಾರ ಅನ್ನುತ್ತಾಳೆ ಮೋ. ಬೆನ್ನು ನೋವು, ತಲೆ ನೋವು, ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಏಳುವುದು ಕಷ್ಟ, ಬಟ್ಟೆ ಹಾಕಿಕೊಳ್ಳುವುದು ಕಷ್ಟ, ಬೀದಿ ಸುತ್ತುವುದು, ಮೆಟ್ಟಿಲು ಹತ್ತುವುದು. ಆದರೂ ಮಾಡುತ್ತಲೇ ಇದ್ದೇನೆ. ಸಾಯಬೇಕು ಅಂದರೂ ದುಡಿಯಬೇಕಲ್ಲ. ಇದನ್ನೆಲ್ಲ ಅವರು ಅಳುತ್ತಾ ಹೇಳುವುದಿಲ್ಲ. ಸಾಮಾನಿನ ಪಟ್ಟಿ ಓದಿದ ಹಾಗೆ ಹೇಳುತ್ತಾರೆ. ಕಣ್ಣಂಚಿನಲ್ಲಿ ನೀರು ಬಂದರೂ ಅದು ಮಾತಿಗೆ ಅಡ್ಡ ಬರದ ಹಾಗೆ ನೋಡಿಕೊಳ್ಳುತ್ತಾರೆ. ಇಷ್ಟು ಸುಸ್ತಾಗಿದೆ ನನಗೆ, ನೀನು ಗುಂಡು ಹೊಡೆದರೆ ಉಪಕಾರವೇ ಆಗುತ್ತೆ ಅನ್ನುವಲ್ಲಿ ಆ ದನಿ ಕೆಳಗಿಳಿಯುತ್ತದೆ. ಕ್ಯಾಮೆರಾ ಪಕ್ಕಕ್ಕೆ ಹೊರಳಿ ಗ್ರಾಮಫೋನ್ ಕಡೆ ಹೋಗುತ್ತದೆ. ಹಾಡು ಮುಗಿಯುತ್ತದೆ. ಗುಂಡಿನ ಸದ್ದು ಕೇಳುತ್ತದೆ.

ಮೇಸೀಸ್ ಅಂಗಡಿಯಲ್ಲಿ ಕಾಲು ನೋಯಿಸಿಕೊಂಡು ನಿಂತ ತಾಯಿ ಮತ್ತು ಈ ಮೋ, ಇಬ್ಬರ ನಡುವೆ ಇರುವುದು ಆರು ವರ್ಷ. ಅದೇ ನಟಿ, ಅದೇ ಸುಸ್ತು. ಅಲ್ಲಿ ಜನ ನಕ್ಕರು. ಇಲ್ಲಿ ನನಗೆ ಉಸಿರು ಕಟ್ಟಿತು.

ಇದನ್ನೂ ಅಮ್ಮನ ಜೊತೆಯೇ ನೋಡಿದೆ. ಈ ಸಲ ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೆಟ್ಟಿಲು ಹತ್ತುವ ಮಾತು ಬಂದಾಗ ಅಮ್ಮ ತಲೆ ಆಡಿಸಿದಳು. ಗುಂಡಿನ ಸದ್ದು ಆಗುತ್ತಲೇ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಕೇಳಿಸಿತು. ನಾನು ಚಿತ್ರ ನಿಲ್ಲಿಸಲಿಲ್ಲ. ಮುಂದೆ ಒಂದು ಚಿಕ್ಕ ದೃಶ್ಯ ಇದೆ. ನದಿಯ ಮೇಲೆ ದೋಣಿ. ಅದರಲ್ಲಿ ದಿಕ್ಕಿಲ್ಲದವರ ಹೆಣದ ಪೆಟ್ಟಿಗೆಗಳು, ಪಾಟರ್ಸ್ ಫೀಲ್ಡ್‌ಗೆ ಹೊರಟಿವೆ. ಸ್ಕಿಪ್ ಅಲ್ಲಿಗೆ ಬಂದು ಮೋಳ ಪೆಟ್ಟಿಗೆಯನ್ನು ಕೇಳಿ ಬಿಡಿಸಿಕೊಂಡು ಹೋಗುತ್ತಾನೆ.

"ಆ ಹೆಂಗಸಿಗೆ ಜಾಗ ಸಿಕ್ತೇನೇ?" ಒಳಗಿನಿಂದಲೇ ಅಮ್ಮ ಕೇಳಿದಳು.

"ಸಿಕ್ತಮ್ಮ. ಆ ಕಳ್ಳ ಹುಡುಗನೇ ಬಂದು ತಗೊಂಡು ಹೋದ."

ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸುತ್ತಾ ಬಂದಳು. ಪಕ್ಕದಲ್ಲಿ ಕೂತು ಎರಡೂ ಕಾಲು ಚಾಚಿದಳು.

"ಹಿಂದಕ್ಕೆ ಹಾಕು" ಅಂದಳು. "ನೋಡ್ತೀನಿ."